ಮೀನಿಲ್ಲದ ನೀರಿಗೆ ಅಮೋನಿಯಾ ಎಲ್ಲಿಂದ ತರೋಣ?

"ಮೊದಲ ಸಲ ಬಿಟ್ಟ ಮೀನು ಸಾಯ್ತಾವೆ, ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ." ಮೀನು ಸಾಕುವ ತೊಟ್ಟಿಯ ನೀರನ್ನೇ ಸುತ್ತಿಸಿ ಅದರಲ್ಲಿ ಸೊಪ್ಪು ಬೆಳೆಯುವ ಅಕ್ವಾಪೋನಿಕ್ಸ್ ಬಗ್ಗೆ ಯಾರನ್ನು ವಿಚಾರಿಸಿದರೂ ಎಲ್ಲೋ ಒಂದು ಕಡೆ ಈ ಮಾತು ಬಂದೇ ಬರುತ್ತದೆ. ಮೀನುಮರಿ ಮಾರುವವರು ಹೇಳುತ್ತಾರೆ. ತೊಟ್ಟಿ, ಪಂಪು, ಪೈಪು ಜೋಡಿಸಿ ಕೊಡುವವರೂ ಹೇಳುತ್ತಾರೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಅವರು ಕಂಡಿರುವುದೇ ಹಾಗೆ. ಹೊಸ ತೊಟ್ಟಿಗೆ ಬಿಟ್ಟ ಮೊದಲ ಮರಿಗಳು ಹೋಗುತ್ತವೆ, ಎರಡನೇ ಸಲ ಬಿಟ್ಟವು ಉಳಿಯುತ್ತವೆ. ಹೀಗಾಗಿ ಆ ಮೊದಲ ಸಾವುಗಳನ್ನು ಜಲ್ಲಿ, ಪೈಪಿನ ಜೊತೆಗೇ ಖರ್ಚಿನ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ. ನನಗೆ ಮಾತ್ರ ಈ ಮಾತು ಇವತ್ತಿಗೂ ಹಿಡಿಸಿಲ್ಲ.

ಮದ್ದೂರಿನ ಹತ್ತಿರ ನಮ್ಮ ಭಾವ ತೋಟದ ಮನೆಯ ಹಿಂದೆ ಒಂದು ಸಣ್ಣ ಘಟಕ ಮಾಡಿಸಿದ್ದರು. ಕೆಳಗೆ ನೀಲಿ ಪ್ಲಾಸ್ಟಿಕ್ ತೊಟ್ಟಿ, ಮೇಲೆ ಜಲ್ಲಿ ತುಂಬಿದ ಮಡಿ, ನೀರೆತ್ತಲು ಒಂದು ಪಂಪು. ರೋಹು, ಕಾಟ್ಲಾ ಮರಿಗಳನ್ನು ಬಿಟ್ಟು ಒಂದು ವಾರ ಆಗಿರಬಹುದು, ನಾವು ಹಬ್ಬಕ್ಕೆ ಅಂತ ಹೋಗಿದ್ದೆವು. ಬೆಳಿಗ್ಗೆ ಕಾಫಿ ಲೋಟ ಹಿಡಿದು ತೊಟ್ಟಿ ಹತ್ತಿರ ಹೋದರೆ ಮರಿಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಅಕ್ಕನ ಮಗಳು, "ಚಿಕ್ಕಮ್ಮಾ ನೋಡು, ಊಟ ಕೇಳ್ತಾವೆ" ಅಂತ ಫೀಡಿನ ಡಬ್ಬಿ ಹಿಡಿದು ಓಡಿಬಂದಳು. ಅವು ಊಟ ಕೇಳುತ್ತಿರಲಿಲ್ಲ. ಉಸಿರು ಸಾಲದೆ ಮೇಲೆ ಬಂದಿದ್ದವು. ಕಿವಿರು ಕೆಂಪಗೆ ಊದಿಕೊಂಡಿತ್ತು. ಭಾವ ಮರಿ ಕೊಟ್ಟವರಿಗೆ ಫೋನ್ ಮಾಡಿದರು. ಆ ಕಡೆಯಿಂದ ಅದೇ ಉತ್ತರ: "ಮೊದಲನೇ ಲಾಟು ಸಾರ್, ಹೋಗೇ ಹೋಗುತ್ತೆ. ಆಮೇಲೆ ಸರಿಹೋಗುತ್ತೆ." ನಾವು ಅರ್ಧ ನೀರು ಬದಲಾಯಿಸಿದೆವು. ಅಷ್ಟರಲ್ಲಿ ತಡವಾಗಿತ್ತು. ಸಂಜೆ ಆ ಹುಡುಗಿ ಸತ್ತ ಮರಿಗಳನ್ನು ಒಂದೊಂದಾಗಿ ಎತ್ತಿ ತೆಂಗಿನ ಮರದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದಳು. ಭಾವ ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಜಾಸ್ತಿ ಮಾತಾಡಲಿಲ್ಲ.

ಆ ಮರಿಗಳಿಗೆ ರೋಗ ಏನೂ ಇರಲಿಲ್ಲ. ಅವು ತಮ್ಮದೇ ಅಮೋನಿಯಾದಲ್ಲಿ ಸತ್ತವು. ಮೀನು ತಿಂದ ಆಹಾರದ ಸಾರಜನಕದಲ್ಲಿ ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಹಳೆಯ ತೊಟ್ಟಿಯಲ್ಲಾದರೆ ಜಲ್ಲಿಯ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಗಿಡಕ್ಕೆ ಬೇಕಾದದ್ದು ಆ ನೈಟ್ರೇಟ್. ಹೊಸ ತೊಟ್ಟಿಯ ಜಲ್ಲಿಯಲ್ಲಿ ಈ ಕೆಲಸಗಾರರು ಇರುವುದಿಲ್ಲ. ಅವು ಬೆಳೆಯುವುದೂ ಬಹಳ ನಿಧಾನ. ಹಾಲು ಮೊಸರಾಗಿಸುವ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಕೆಲಸ ಮುಗಿಸುತ್ತವೆ, ಇವಕ್ಕೆ ನಾಲ್ಕರಿಂದ ಆರು ವಾರ ಬೇಕಾಗಬಹುದು. ಅಷ್ಟು ದಿನವೂ ಅವಕ್ಕೆ ಅಮೋನಿಯಾ ಸಿಗುತ್ತಿರಬೇಕು. ಅದನ್ನು ಮೀನಿನ ಕೈಯಲ್ಲಿ ಕೊಡಿಸುವುದು ಒಂದು ದಾರಿ, ಭಾವನ ತೊಟ್ಟಿಯಲ್ಲಿ ಆದದ್ದು ಅದೇ. ಮೀನು ಬಿಡುವ ಮೊದಲೇ ನಾವೇ ಅಮೋನಿಯಾ ಹಾಕಿ ಬ್ಯಾಕ್ಟೀರಿಯಾ ಬೆಳೆಸುವುದು ಇನ್ನೊಂದು. ಮೀನಿಲ್ಲದ ಸೈಕ್ಲಿಂಗ್ ಅನ್ನುವುದು ಇದಕ್ಕೇ.

ಓದುವಾಗ ಇದು ಸುಲಭ ಅನ್ನಿಸುತ್ತದೆ. ಮೈಸೂರಿನಲ್ಲಿ ನಮ್ಮ ಮನೆಯ ತಾರಸಿ ಮೇಲೆ 500 ಲೀಟರಿನ ತೊಟ್ಟಿ ಇಟ್ಟು, ಮೀನು ಬಿಡುವ ಮೊದಲು ಇದನ್ನು ಮಾಡಿಯೇ ತೀರಬೇಕು ಅಂತ ಹೊರಟಾಗ ಎದುರಾದದ್ದು ಒಂದೇ ಪ್ರಶ್ನೆ. ಅಮೋನಿಯಾ ಎಲ್ಲಿಂದ ತರುವುದು? ಬರೀ ಅಮೋನಿಯಾ ಆದರೆ ಸಾಲದು. ಬ್ಯಾಕ್ಟೀರಿಯಾ ಬದುಕಬೇಕು, ಆಮೇಲೆ ಬರುವ ಮೀನು ಬದುಕಬೇಕು, ಆ ನೀರಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿನ್ನುವ ಮಕ್ಕಳಿಗೆ ಏನೂ ಆಗಬಾರದು, ಬಾಟಲಿ ಮುಚ್ಚಳ ತೆಗೆಯುವ ನನಗೂ ಏನೂ ಆಗಬಾರದು. ಸುರಕ್ಷಿತ ಅನ್ನುವಾಗ ಈ ನಾಲ್ಕೂ ಸೇರಬೇಕು. ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಇದರಲ್ಲಿ ಒಂದನ್ನೋ ಎರಡನ್ನೋ ನೋಡಿ ನಿಂತುಬಿಡುತ್ತವೆ.

ನಮ್ಮ ಅಂಗಡಿಯಲ್ಲಿ ಇಲ್ಲದ ಬಾಟಲಿ

ಅಮೆರಿಕದ ಮನೆಗಳಲ್ಲಿ ನೆಲ, ಗಾಜು ಒರೆಸಲು ಅಮೋನಿಯಾ ನೀರನ್ನು ಬಳಸುತ್ತಾರೆ. ಬಾಟಲಿ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಅದನ್ನು ಕುಲುಕಿ ನೋಡಿ, ನೊರೆ ನಿಂತರೆ ಅದರಲ್ಲಿ ಸೋಪು ಇದೆ, ಬೇಡ, ನೊರೆ ನಿಲ್ಲದಿದ್ದರೆ ತೊಟ್ಟಿಗೆ ಹಾಕಬಹುದು ಅನ್ನುವುದು ಅಲ್ಲಿನವರ ಸಲಹೆ. ಒಳ್ಳೆಯ ಸಲಹೆಯೇ. ಆದರೆ ನಮ್ಮ ಕಿರಾಣಿ ಅಂಗಡಿಯಲ್ಲಿ ಫಿನಾಯಿಲ್ ಇದೆ, ಆಸಿಡ್ ಇದೆ, ಬ್ಲೀಚಿಂಗ್ ಪುಡಿ ಇದೆ, ಆ ಬಾಟಲಿ ಇಲ್ಲ. ಗಾಜು ಒರೆಸುವ ನೀಲಿ ದ್ರವದಲ್ಲಿ ಅಮೋನಿಯಾ ಇರಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಇದ್ದರೂ ಬಣ್ಣ, ಸುಗಂಧ, ಸೋಪಿನ ಅಂಶ ಎಲ್ಲ ಜೊತೆಗೇ ಬರುತ್ತವೆ. ಸೋಪಿನ ಅಂಶ ಕಿವಿರಿಗೆ ಬಹಳ ಕೆಟ್ಟದ್ದು. ಅದರ ಯೋಚನೆಯೇ ಬೇಡ.

ನಮ್ಮಲ್ಲಿ ಸಿಗುವುದು ಕೆಮಿಕಲ್ ಅಂಗಡಿಯ ಲಿಕರ್ ಅಮೋನಿಯಾ. ಕಟ್ಟಡದ ನಕ್ಷೆಗಳ ಅಮೋನಿಯಾ ಪ್ರಿಂಟ್ ತೆಗೆಯುತ್ತಿದ್ದ ಅಂಗಡಿಯೊಳಗೆ ಹೋದವರಿಗೆ ಆ ವಾಸನೆ ಗೊತ್ತು. ಸುಳ್ಯ, ಪುತ್ತೂರು ಕಡೆಯ ರಬ್ಬರ್ ಬೆಳೆಗಾರರಿಗೂ ಗೊತ್ತು, ರಬ್ಬರ್ ಹಾಲು ಗಟ್ಟಿಯಾಗದಂತೆ ಇಡಲು ಅಮೋನಿಯಾ ಬೇಕು. ಲಿಕರ್ ಅಮೋನಿಯಾ ಸಾಮಾನ್ಯವಾಗಿ ಸುಮಾರು 25 ಪರ್ಸೆಂಟಿನದು. ಬೇಸಿಗೆಯ ಮಧ್ಯಾಹ್ನ ಅಂಥ ಬಾಟಲಿಯ ಮುಚ್ಚಳ ತೆಗೆದರೆ ಒಳಗೆ ಒತ್ತಡ ಸೇರಿಕೊಂಡ ಅನಿಲ ಮುಖಕ್ಕೇ ಹೊಡೆಯುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ ಎಲ್ಲಕ್ಕೂ ಅಪಾಯ. 500 ಲೀಟರ್ ತೊಟ್ಟಿಗೆ ಒಂದು ಸಲಕ್ಕೆ ಬೇಕಾಗುವುದು ಒಂದು ಟೀ ಚಮಚದಷ್ಟು ಕೂಡ ಅಲ್ಲ. ಅದಕ್ಕೋಸ್ಕರ ಅರ್ಧ ಲೀಟರ್ ಬಾಟಲಿಯನ್ನು ಮಕ್ಕಳಿರುವ ಮನೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಇನ್ನೊಂದು ತೊಂದರೆ ನೀರಿನೊಳಗೇ ಇದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಒಂದು ಅಮೋನಿಯಂ, ಇದರಿಂದ ಮೀನಿಗೆ ಅಂಥ ತೊಂದರೆ ಇಲ್ಲ. ಇನ್ನೊಂದು ಬರೀ ಅಮೋನಿಯಾ, ಇದು ವಿಷ. ಯಾವುದು ಎಷ್ಟು ಅನ್ನುವುದನ್ನು ನೀರಿನ ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) ಮತ್ತು ಬಿಸಿ ತೀರ್ಮಾನಿಸುತ್ತವೆ. 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಅದೇ ನೀರಿನ ಪಿಎಚ್ 8 ಆದರೆ ನೂರಕ್ಕೆ ಆರೇಳು. ಲಿಕರ್ ಅಮೋನಿಯಾ ಪಿಎಚ್ ಅನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಬೋರ್‌ವೆಲ್ ನೀರಿನ ಪಿಎಚ್ ಮೊದಲೇ ಮೇಲಿರುತ್ತದೆ. ಮೀನಿಲ್ಲದಿದ್ದರೂ ಇದು ಮುಖ್ಯ, ಯಾಕೆಂದರೆ ಈ ರೂಪ ಜಾಸ್ತಿಯಾದರೆ ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳೂ ಕುಗ್ಗುತ್ತವೆ.

(ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಯಾವ ರೂಪದ ಅಮೋನಿಯಾ ಆಗಲಿ, ಬ್ಲೀಚಿಂಗ್ ಪುಡಿಯ ಹತ್ತಿರ ತರಬೇಡಿ. ಎರಡೂ ಸೇರಿದರೆ ಕ್ಲೋರಮೈನ್ ಅನ್ನುವ ವಿಷಾನಿಲ ಹುಟ್ಟುತ್ತದೆ. ತೊಟ್ಟಿಯನ್ನು ಬ್ಲೀಚಿಂಗ್ ಹಾಕಿ ತೊಳೆದಿದ್ದರೆ ಚೆನ್ನಾಗಿ ಜಾಲಿಸಿ, ಬಿಸಿಲಿಗೆ ಒಣಗಿಸಿ. ನಲ್ಲಿ ನೀರು ತುಂಬಿದರೂ ಅಷ್ಟೇ, ಪಂಪು ಓಡಿಸಿ ಒಂದೆರಡು ದಿನ ಕ್ಲೋರಿನ್ ಹೋಗಲು ಬಿಡಿ. ಅಮೋನಿಯಾ ಮೊದಲೇ ಹಾಕಿದರೆ ಕ್ಲೋರಿನ್ ಅದರ ಜೊತೆ ಸೇರಿ ನೀರಿನಲ್ಲೇ ಉಳಿದುಬಿಡುತ್ತದೆ.)

ಯೂರಿಯಾ ಯಾಕೆ ಬೇಡ

ಹಳ್ಳಿಯಲ್ಲಿ ಯಾರಿಗೆ ಹೇಳಿದರೂ ಮೊದಲು ಬರುವ ಮಾತು ಯೂರಿಯಾ. ಮೂಟೆ ಮನೆಯಲ್ಲೇ ಇರುತ್ತದೆ. 46 ಪರ್ಸೆಂಟ್ ಸಾರಜನಕ. ಒಂದು ಹಿಡಿ ಹಾಕಿದರೆ ಮುಗಿಯಿತು ಅಲ್ವಾ? ನನಗೂ ಹಾಗೇ ಅನ್ನಿಸಿತ್ತು, ಮೂಟೆಯ ಮೇಲೆ ಬರೆದಿರುವುದನ್ನು ಗಮನ ಕೊಟ್ಟು ಓದುವ ತನಕ. ಬೇವು ಲೇಪಿತ ಅಂತ ಅಲ್ಲೇ ಇದೆ.

2015ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪನ ಕಡ್ಡಾಯ ಮಾಡಿತು. ಸಬ್ಸಿಡಿ ಯೂರಿಯಾ ಬೇರೆ ಕೆಲಸಕ್ಕೆ ಹೋಗದಂತೆ ತಡೆಯುವುದು ಒಂದು ಕಾರಣ. ಇನ್ನೊಂದು ಕಾರಣ ನಮಗೆ ಬೇಕಾದದ್ದು. ಬೇವಿನಲ್ಲಿರುವ ಅಂಶಗಳು ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ನಿಧಾನ ಮಾಡುತ್ತವೆ. ನೈಟ್ರೇಟ್ ಬೇಗ ಆಗಿಬಿಟ್ಟರೆ ಮಳೆ ನೀರಿನ ಜೊತೆ ಇಳಿದುಹೋಗುತ್ತದೆ, ರೈತನ ದುಡ್ಡು ಮಣ್ಣುಪಾಲು. ಹಾಗಾಗಿ ಗದ್ದೆಗೆ ಈ ಲೇಪನ ಒಳ್ಳೆಯದು. ನಮ್ಮ ಜಲ್ಲಿ ಮಡಿಯಲ್ಲಿ ನಾವು ಬೆಳೆಸಲು ಹೊರಟಿರುವುದು ಅದೇ ಬಳಗದ ಬ್ಯಾಕ್ಟೀರಿಯಾಗಳನ್ನು! ಅವು ಕೆಲಸ ಮಾಡಬಾರದು ಅಂತಲೇ ತಯಾರಿಸಿದ ಗೊಬ್ಬರವನ್ನು ಅವಕ್ಕೆ ಊಟ ಅಂತ ಹಾಕುವುದು ಹೇಗೆ? ಹೊರದೇಶದ ಪುಟಗಳಲ್ಲಿ ಯೂರಿಯಾ ಪರವಾಗಿಲ್ಲ ಅಂತ ಓದಿ ಇಲ್ಲಿ ಅದನ್ನೇ ಮಾಡಲು ಹೋಗುವವರು ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಅಲ್ಲಿಯ ಯೂರಿಯಾವೇ ಬೇರೆ, ಇಲ್ಲಿಯದೇ ಬೇರೆ.

ಲೇಪನ ಇಲ್ಲದ ಲ್ಯಾಬ್ ಯೂರಿಯಾ ತಂದರೂ ಒಂದು ತೊಡಕು ಇದೆ. ಯೂರಿಯಾ ಹಾಕಿದ ಕೂಡಲೇ ಅಮೋನಿಯಾ ಆಗುವುದಿಲ್ಲ. ಯೂರಿಯೇಸ್ ಅನ್ನುವ ಕಿಣ್ವ ಅದನ್ನು ಒಡೆಯಬೇಕು. ಅಲ್ಲಿಯ ತನಕ ನೀರಿನ ಅಮೋನಿಯಾ ಅಳೆಯುವ ಟೆಸ್ಟ್ ಕಿಟ್ ಸೊನ್ನೆಯನ್ನೇ ತೋರಿಸುತ್ತದೆ, ಯಾಕೆಂದರೆ ಅದು ಯೂರಿಯಾವನ್ನು ಅಳೆಯುವುದಿಲ್ಲ. ಸೊನ್ನೆ ನೋಡಿದವರು ಇನ್ನಷ್ಟು ಹಾಕುತ್ತಾರೆ. ಕೆಲವು ದಿನ ಬಿಟ್ಟು ಎಲ್ಲ ಒಟ್ಟಿಗೆ ಒಡೆದು ಅಮೋನಿಯಾ ಒಮ್ಮೆಲೇ ಏರುತ್ತದೆ.

ಬೇರೆ ಗೊಬ್ಬರಗಳ ಬಗ್ಗೆ ಎರಡು ಮಾತು. ಡಿಎಪಿ ಹಾಕಿದರೆ ರಂಜಕ ವಿಪರೀತ ಆಗಿ ತೊಟ್ಟಿ ಪಾಚಿ ಹಿಡಿಯುತ್ತದೆ. ಅಮೋನಿಯಂ ನೈಟ್ರೇಟ್ ಸ್ಫೋಟಕದ ಕಾನೂನಿನ ಕೆಳಗೆ ಬರುವ ವಸ್ತು, ಅದರ ಹತ್ತಿರ ಹೋಗಬೇಡಿ. ಅಮೋನಿಯಂ ಸಲ್ಫೇಟ್ ಮಾತ್ರ ಯೋಚಿಸಬಹುದಾದದ್ದು. ಮೈಸೂರಿನವರಿಗೆ ಇದು ಹಳೆಯ ಪರಿಚಯ, ಇಲ್ಲೇ ಬೆಳಗೊಳದ ಕಾರ್ಖಾನೆಯಲ್ಲಿ 1940ರ ದಶಕದಲ್ಲೇ ಅದನ್ನು ತಯಾರಿಸುತ್ತಿದ್ದರು. ಅದರಲ್ಲಿ ಸುಮಾರು 20 ಪರ್ಸೆಂಟ್ ಸಾರಜನಕ, ಬೇವು ಇಲ್ಲ, ನೀರಿಗೆ ಹಾಕಿದ ಕೂಡಲೇ ಕಿಟ್ಟಿನಲ್ಲಿ ಕಾಣುತ್ತದೆ. ಆದರೆ ಗೊಬ್ಬರದ ದರ್ಜೆಯದು ಎಷ್ಟೋ ಸಲ ಬೇರೆ ಕಾರ್ಖಾನೆಗಳ ಉಪ ಉತ್ಪನ್ನವಾಗಿ ಬರುತ್ತದೆ. ಅದರ ಜೊತೆ ಇನ್ನೇನು ಬಂದಿದೆ ಅಂತ ಮೂಟೆ ಹೇಳುವುದಿಲ್ಲ.

ಗಂಜಲದ ವಾದ

ಭಾವ ಎರಡನೇ ಸಲ ತೊಟ್ಟಿ ಶುರು ಮಾಡುವ ಮೊದಲು ನನಗೆ ಫೋನ್ ಮಾಡಿದರು. "ನೋಡಮ್ಮ, ಮನೇಲೇ ಹಸು ಇದೆ. ಒಂದು ಚೊಂಬು ಗಂಜಲ ಹುಯ್ದರೆ ಆಯ್ತಲ್ಲ. ಕೆಮಿಕಲ್ ಯಾಕೆ ಬೇಕು?" ಅಂದರು. ಅವರ ಪ್ರಶ್ನೆಯಲ್ಲಿ ನ್ಯಾಯ ಇದೆ. ಅವರು ವರ್ಷಗಳಿಂದ ಹೊಲಕ್ಕೆ ಜೀವಾಮೃತ ಕೊಡುತ್ತಿರುವವರು. ಗಂಜಲ ಮಣ್ಣಿಗೆ ಏನು ಮಾಡುತ್ತದೆ ಅಂತ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಾನು ಹೇಳಿದ್ದು ಇಷ್ಟೇ: ಹೊಲದಲ್ಲಿ ಗಂಜಲ ಬುಡಕ್ಕೆ ಬೀಳುತ್ತದೆ. ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ, ಬಿಸಿಲು ಬೀಳುತ್ತದೆ, ಲೆಕ್ಕವಿಲ್ಲದಷ್ಟು ಬೇರೆ ಜೀವಿಗಳು ಅದರಲ್ಲಿರುವ ರೋಗಾಣುವಿನ ಜೊತೆ ಪೈಪೋಟಿ ಮಾಡುತ್ತವೆ. ನಮ್ಮ ತೊಟ್ಟಿಯಲ್ಲಿ ಅದೇ ನೀರು ದಿನವಿಡೀ ಸುತ್ತುತ್ತದೆ, ಅದೇ ನೀರು ಸೊಪ್ಪಿನ ಬೇರಿಗೆ ಹೋಗುತ್ತದೆ, ಕೀಳುವಾಗ ಅದೇ ನೀರು ಎಲೆಗೂ ತಾಗುತ್ತದೆ. ಆ ಕೊತ್ತಂಬರಿಯನ್ನು ನಾವು ಹಸಿಯಾಗಿ ಕೋಸಂಬರಿಗೆ ಹಾಕುತ್ತೇವೆ.

ಕೊಟ್ಟಿಗೆಯಲ್ಲಿ ಹಿಡಿದ ಗಂಜಲಕ್ಕೆ ಸಗಣಿ ತಾಗಿರುತ್ತದೆ. ಸಗಣಿಯ ಜೊತೆ ಇ-ಕೋಲೈ ಬರಬಹುದು. ಇಲಿಜ್ವರದ ರೋಗಾಣು ದನದ ಮೂತ್ರದಲ್ಲೂ ಹೋಗುತ್ತದೆ, ಒದ್ದೆ ಜಾಗದಲ್ಲಿ ಬಹಳ ದಿನ ಬದುಕುತ್ತದೆ. ಹಸುವಿಗೆ ಕೆಚ್ಚಲು ಬಾವು ಅಂತ ಡಾಕ್ಟರ್ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಅದರ ಸ್ವಲ್ಪ ಭಾಗವೂ ಗಂಜಲದಲ್ಲಿ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆಸಲು ಹೊರಟವರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಇನ್ನು ಅಳತೆ. ಹಸು ಇವತ್ತು ತಿಂದದ್ದು, ಕುಡಿದದ್ದು ನಾಳೆ ಇರುವುದಿಲ್ಲ. ಒಂದೇ ಚೊಂಬಿನಲ್ಲಿ ಒಂದು ದಿನ ಇಷ್ಟು ಸಾರಜನಕ, ಇನ್ನೊಂದು ದಿನ ಅದರ ಎರಡು ಪಾಲು ಇರಬಹುದು.

ಮನುಷ್ಯರ ಮೂತ್ರದ ಬಗ್ಗೆಯೂ ಇದೇ ಚರ್ಚೆ ನಡೆಯುತ್ತದೆ. ಅದನ್ನು ನಾನು ಅಸಹ್ಯ ಅಂತ ತಳ್ಳಿಹಾಕುವುದಿಲ್ಲ. ಅದು ನಿಜವಾಗಿ ಒಳ್ಳೆಯ ಗೊಬ್ಬರ. ವಿಶ್ವ ಆರೋಗ್ಯ ಸಂಸ್ಥೆ 2006ರ ಮಾರ್ಗಸೂಚಿಯಲ್ಲಿ ಅದನ್ನು 20 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿ ಆರು ತಿಂಗಳು ಮುಚ್ಚಿಟ್ಟು ಬೆಳೆಗೆ ಬಳಸುವ ಕ್ರಮ ಹೇಳಿದೆ. ಹಾಗೆ ಇಟ್ಟರೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಪಿಎಚ್ ಏರುತ್ತದೆ, ರೋಗಾಣು ಸಾಯುತ್ತವೆ. ಆದರೆ ಅದರಲ್ಲಿ ಉಪ್ಪು ಇದೆ, ಮನೆಯವರು ನುಂಗುವ ಮಾತ್ರೆಗಳ ಅಂಶ ಇದೆ. ಮಣ್ಣಿನಲ್ಲಿ ನಿಂಬೆ ಗಿಡಕ್ಕೋ ಬಾಳೆಗೋ ಹಾಕಿ ಅಂತ ನಾನೇ ಹೇಳುತ್ತೇನೆ. ಮುಚ್ಚಿದ ಸುತ್ತಿನಲ್ಲಿ ಸುತ್ತುವ ನೀರಿಗೆ ಬೇಡ.

ಕರಾವಳಿಯ ಗೆಳತಿಯೊಬ್ಬರು ಸಿಗಡಿ ಸಿಪ್ಪೆಯನ್ನು ಬಟ್ಟೆಯಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಟ್ಟಿದ್ದರು. ಅದು ಕೊಳೆತು ಅಮೋನಿಯಾ ಕೊಟ್ಟಿತು, ಸೈಕ್ಲಿಂಗೂ ಆಯಿತು. ವಾಸನೆಗೆ ಊರಿನ ಬೆಕ್ಕುಗಳೆಲ್ಲ ಸೇರಿದ್ದು ಬೇರೆ ಮಾತು. ಎಷ್ಟು ಕೊಳೆಯುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಅದಕ್ಕಿಂತ ಖಾಲಿ ತೊಟ್ಟಿಗೆ ದಿನಾ ಒಂದಿಷ್ಟು ಮೀನಿನ ಫೀಡು ಹಾಕುವುದು ವಾಸಿ. ಫೀಡಿನ ಚೀಲದ ಮೇಲೆ ಪ್ರೋಟೀನ್ ಎಷ್ಟು ಅಂತ ಬರೆದಿರುತ್ತದೆ. ಪ್ರೋಟೀನಿನಲ್ಲಿ ಸುಮಾರು 16 ಪರ್ಸೆಂಟ್ ಸಾರಜನಕ. ಅಂದರೆ 32 ಪರ್ಸೆಂಟ್ ಪ್ರೋಟೀನಿನ ಫೀಡು 10 ಗ್ರಾಂ ಹಾಕಿದರೆ ಹೆಚ್ಚುಕಡಿಮೆ ಅರ್ಧ ಗ್ರಾಂ ಸಾರಜನಕ ಹಾಕಿದ ಹಾಗೆ. ನಿಧಾನ, ಸ್ವಲ್ಪ ಗಲೀಜು, ಆದರೆ ನಾಳೆ ಮೀನು ತಿನ್ನುವುದನ್ನೇ ಇವತ್ತು ಹಾಕುತ್ತಿದ್ದೇವೆ. ಬೇರೆ ಏನೂ ಸಿಗದ ಊರಿನಲ್ಲಿ ನಾನು ಹೇಳುವುದು ಇದನ್ನೇ.

ಕಲಾಯಿಯವರ ನವಸಾಗರ

ನಮಗೆ ಬೇಕಾದ ವಸ್ತು ನಮ್ಮ ಬೀದಿಗಳಲ್ಲಿ ಬಹಳ ಹಿಂದಿನಿಂದ ಇತ್ತು ಅನ್ನುವುದು ಹೊಳೆದಾಗ ನನಗೆ ತುಂಬ ಸಂತೋಷವಾಯಿತು. ಚಿಕ್ಕಂದಿನಲ್ಲಿ ಕಲಾಯಿ ಹಾಕುವವರು ನಮ್ಮ ಬೀದಿಗೆ ಬರುತ್ತಿದ್ದರು. "ಕಲಾಯ್... ಪಾತ್ರೆಗೆ ಕಲಾಯ್" ಅಂತ ಕೂಗು ಕೇಳಿದರೆ ಅಜ್ಜಿ ಅಟ್ಟದಿಂದ ಹಿತ್ತಾಳೆ ಪಾತ್ರೆಗಳನ್ನು ಇಳಿಸುತ್ತಿದ್ದರು. ಹುಳಿ ಮಾಡುವ ಪಾತ್ರೆಗೆ ಕಲಾಯಿ ಹೋಗಿದ್ದರೆ ಅದರಲ್ಲಿ ಅಡುಗೆ ಮಾಡಲು ಅಜ್ಜಿ ಬಿಡುತ್ತಿರಲಿಲ್ಲ. ಕಲಾಯಿಯವರು ಹೊಂಗೆ ಮರದ ಕೆಳಗೆ ಸಣ್ಣ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ ಕೆಂಡ ಮಾಡುತ್ತಿದ್ದರು. ಪಾತ್ರೆ ಚೆನ್ನಾಗಿ ಕಾದ ಮೇಲೆ ಒಂದು ಬಿಳಿ ಪುಡಿಯನ್ನು ಚಿಟಿಕೆಯಷ್ಟು ಉದುರಿಸುತ್ತಿದ್ದರು. ಕೂಡಲೇ ದಟ್ಟವಾದ ಬಿಳಿ ಹೊಗೆ ಏಳುತ್ತಿತ್ತು. ಮೂಗಿಗೆ ಚುರ್ ಅನ್ನುವ ವಾಸನೆ. ಮಕ್ಕಳೆಲ್ಲ ಕೆಮ್ಮುತ್ತಾ ಹಿಂದೆ ಓಡಿ ಮತ್ತೆ ಹತ್ತಿರ ಬರುತ್ತಿದ್ದೆವು. ಆಮೇಲೆ ತವರದ ಕಡ್ಡಿ ತಾಗಿಸಿ ಬಟ್ಟೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ ಬಣ್ಣ. ಆ ಬಿಳಿ ಪುಡಿ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಾದ ಪಾತ್ರೆಯ ಮೇಲೆ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ, ಅದೇ ಲೋಹದ ಮೇಲಿನ ಕಿಲುಬನ್ನು ತೆಗೆದುಹಾಕುವುದು. ನಮ್ಮ ಮೂಗಿಗೆ ಬಡಿದದ್ದರಲ್ಲಿ ಅಮೋನಿಯಾವೂ ಇತ್ತು.

ಕಾಯಿಸದೆ ಇದ್ದರೆ ಈ ಉಪ್ಪು ಶಾಂತ. ವಾಸನೆ ಇಲ್ಲ, ಅನಿಲ ಬಿಡುವುದಿಲ್ಲ, ಬೆಂಕಿ ಹತ್ತುವುದಿಲ್ಲ. ನೀರಿಗೆ ಹಾಕಿದರೆ ಕರಗಿ ಅಮೋನಿಯಂ ಆಗುತ್ತದೆ, ಪಿಎಚ್ ಮೇಲೆ ಹೋಗುವುದಿಲ್ಲ. ಕೆಮ್ಮಿನ ಸಿರಪ್ಪಿನ ಲೇಬಲ್ ಓದಿ ನೋಡಿ, ಎಷ್ಟೋ ಸಿರಪ್ಪುಗಳಲ್ಲಿ ಇದರ ಹೆಸರು ಇರುತ್ತದೆ. (ಸಿರಪ್ಪನ್ನೇ ತೊಟ್ಟಿಗೆ ಸುರಿಯಬೇಡಿ, ಅದರಲ್ಲಿ ಸಕ್ಕರೆ ಮತ್ತು ಬೇರೆ ಔಷಧಿ ಇದೆ.) ಇದರ ಜೊತೆ ಬರುವ ಕ್ಲೋರೈಡ್ ಬಗ್ಗೆ ನನಗೆ ಸ್ವಲ್ಪ ಅಳುಕು ಇತ್ತು. ಲೆಕ್ಕ ಹಾಕಿ ನೋಡಿದೆ. ಇಡೀ ಸೈಕ್ಲಿಂಗಿಗೆ ಲೀಟರಿಗೆ 20 ಮಿಲಿಗ್ರಾಂ ಅಮೋನಿಯಾ ಹಾಕಿದರೂ ಕ್ಲೋರೈಡ್ ಏರುವುದು 40 ಮಿಲಿಗ್ರಾಂ ಆಸುಪಾಸು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲೇ 250 ಮಿಲಿಗ್ರಾಂ ತನಕ ಒಪ್ಪಿಗೆ ಇದೆ. ಬೇರೆ ಅಮೋನಿಯಾ ಮೂಲಗಳ ಅಪಾಯದ ಮುಂದೆ ಇದು ಏನೇನೂ ಅಲ್ಲ.

ದೇವರಾಜ ಮಾರುಕಟ್ಟೆಯ ಹತ್ತಿರದ ಒಂದು ಗ್ರಂಧಿಗೆ ಅಂಗಡಿಗೆ ಹೋಗಿ ಕೇಳಿದೆ. ವಯಸ್ಸಾದ ಯಜಮಾನರು ಕನ್ನಡಕ ಮೇಲೆ ಸರಿಸಿ ನೋಡಿದರು.

"ನವಸಾಗರನಾ? ಕಲಾಯಿಗಾ ತಾಯಿ? ಈಗ ಯಾರೂ ಕೇಳೋದೇ ಇಲ್ಲ."

"ಕಲಾಯಿಗಲ್ಲ ಯಜಮಾನ್ರೇ. ಮೀನಿನ ತೊಟ್ಟಿಗೆ. ಆ ನೀರಲ್ಲೇ ಸೊಪ್ಪು ಬೆಳೀತೀವಿ."

ಅವರು ಒಳಗಿನಿಂದ ಒಂದು ಡಬ್ಬಿ ತಂದರು. ಬೂದು ಬಿಳಿ ಬಣ್ಣದ ಗಟ್ಟಿಗಳು, ಅಲ್ಲಲ್ಲಿ ಹಳದಿ ಛಾಯೆ. ಕೈಯಲ್ಲಿ ತೂಗಿ ನೋಡಿ ಮತ್ತೆ ಡಬ್ಬಿಗೇ ಹಾಕಿದರು.

"ನೋಡಿ, ಪಾತ್ರೆ ಕೆಲಸಕ್ಕೆ ಇದು ಸಾಕು. ತಿನ್ನೋ ಸೊಪ್ಪಿಗೆ ಅಂತೀರಿ. ಇದರಲ್ಲಿ ಏನೇನು ಸೇರಿದೆಯೋ ನಾನು ಹೇಳಲಾರೆ. ನೀವು ಕಾಲೇಜಿಗೆ ಸಾಮಾನು ಕೊಡ್ತಾರಲ್ಲ, ಆ ಅಂಗಡೀಲಿ ಕೇಳಿ."

ವ್ಯಾಪಾರ ಬಿಟ್ಟು ಸರಿಯಾದ ದಾರಿ ತೋರಿಸಿದರು. ಅವರ ಮೇಲಿನ ಗೌರವ ನನಗೆ ಇವತ್ತಿಗೂ ಇದೆ. ನಾನು ಹುಡುಕುತ್ತಿದ್ದ ಉತ್ತರ ಅವರ ಮಾತಿನಲ್ಲೇ ಇತ್ತು. ನೈಸರ್ಗಿಕವೋ ಕೆಮಿಕಲ್ಲೋ ಅನ್ನುವುದು ಇಲ್ಲಿ ಸರಿಯಾದ ಪ್ರಶ್ನೆ ಅಲ್ಲ. ಒಳಗೆ ಏನಿದೆ ಅಂತ ಗೊತ್ತಾ, ಎಷ್ಟು ಹಾಕಿದೆ ಅಂತ ಅಳೆಯಬಹುದಾ ಅನ್ನುವುದು ಪ್ರಶ್ನೆ. ಸತುವಿನ ಲೇಪನಕ್ಕೆ, ಡ್ರೈ ಸೆಲ್ಲಿಗೆ ಬಳಸುವ ಕೈಗಾರಿಕಾ ದರ್ಜೆಯದು ಅಗ್ಗ, ಆದರೆ ಅದರಲ್ಲಿ ಯಾವ ಲೋಹದ ಅಂಶ ಇದೆಯೋ ಯಾರಿಗೂ ಗೊತ್ತಿರುವುದಿಲ್ಲ. ಕಾಲೇಜುಗಳಿಗೆ ಕೆಮಿಕಲ್ ಕೊಡುವ ಅಂಗಡಿಯಲ್ಲಿ ಎಲ್‌ಆರ್ ಅಥವಾ ಎಆರ್ (ಪ್ರಯೋಗಾಲಯದ ಶುದ್ಧ ದರ್ಜೆಗಳು) ಅಂತ ಬರೆದ ಅಮೋನಿಯಂ ಕ್ಲೋರೈಡ್ 500 ಗ್ರಾಮಿನ ಬಾಟಲಿಯಲ್ಲಿ ಸಿಗುತ್ತದೆ. ಶುದ್ಧತೆ ಎಷ್ಟು, ಸೀಸ, ಕಬ್ಬಿಣ ಎಷ್ಟರ ಒಳಗೆ ಇದೆ ಅನ್ನುವುದು ಲೇಬಲ್ಲಿನ ಮೇಲೇ ಇರುತ್ತದೆ. ಮನೆ ಮಟ್ಟದ ತೊಟ್ಟಿಗೆ ಒಂದು ಬಾಟಲಿ ವರ್ಷಗಟ್ಟಲೆ ಬರುತ್ತದೆ.

ಅಳತೆ

ಒಂದು ಪಿಪಿಎಂ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ. 500 ಲೀಟರಿಗೆ 2 ಪಿಪಿಎಂ ಅಂದರೆ ಒಂದು ಗ್ರಾಂ ಅಮೋನಿಯಾ. ಅದಕ್ಕೆ ಮೂರು ಗ್ರಾಮಿಗಿಂತ ಸ್ವಲ್ಪ ಜಾಸ್ತಿ ಅಮೋನಿಯಂ ಕ್ಲೋರೈಡ್ ಬೇಕು. ದಿನಾ ಇಷ್ಟು ಸಣ್ಣ ತೂಕ ಮಾಡುವುದು ಕಷ್ಟ. ಅದಕ್ಕೆ ಒಂದು ಉಪಾಯ. ಅಕ್ಕಸಾಲಿಗರ ಹತ್ತಿರವೋ ಡಿಜಿಟಲ್ ಚಿಕ್ಕ ತಕ್ಕಡಿಯಲ್ಲೋ 31.5 ಗ್ರಾಂ ತೂಗಿಸಿ ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಈ ದ್ರಾವಣ ಒಂದು ಮಿಲಿಲೀಟರ್ ಹಾಕಿದರೆ 10 ಲೀಟರ್ ನೀರಿನಲ್ಲಿ ಅಮೋನಿಯಾ 1 ಪಿಪಿಎಂ ಏರುತ್ತದೆ. 500 ಲೀಟರಿಗೆ 2 ಪಿಪಿಎಂ ಬೇಕಾದರೆ 100 ಮಿಲಿಲೀಟರ್. ಔಷಧಿ ಅಳೆಯುವ ಲೋಟ ಸಾಕು. ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆಯಿರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ತುಂಬಿಡಬೇಡಿ, ನೋಡಲು ಇದೂ ನೀರಿನ ಹಾಗೇ ಇರುತ್ತದೆ.

ಮೊದಲ ಸಲ 2 ಪಿಪಿಎಂ ಹಾಕಿ ಸುಮ್ನೆ ಬಿಡಿ. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. 5 ಪಿಪಿಎಂ ದಾಟಿಸದಿರುವುದು ಒಳ್ಳೆಯದು. ಮೊದಲ ಕೆಲವು ದಿನ ಏನೂ ಕದಲುವುದಿಲ್ಲ, ಆಗ ತಾಳ್ಮೆ ಬೇಕು. ಆಮೇಲೆ ಅಮೋನಿಯಾ ಇಳಿಯಲು ಶುರುವಾಗಿ ನೈಟ್ರೈಟ್ ಏರುತ್ತದೆ. ಈ ನೈಟ್ರೈಟ್ ಹಂತವೇ ಬಹಳ ದಿನ ಎಳೆಯುವುದು. ಅಮೋನಿಯಾ ಸೊನ್ನೆ ಬಂತು ಅಂತ ಇಲ್ಲೇ ಮೀನು ಬಿಡುವವರಿದ್ದಾರೆ. ನೈಟ್ರೈಟ್ ರಕ್ತವನ್ನು ಕಂದು ಮಾಡಿ ಉಸಿರು ಕಟ್ಟಿಸುತ್ತದೆ, ಮೀನು ಅದರಲ್ಲೂ ಸಾಯುತ್ತದೆ. ಅಮೋನಿಯಾ ಹಾಕುತ್ತಾ ಹೋಗಿ, ಆದರೆ ಹಿಂದಿನದು ಇಳಿದ ಮೇಲೆಯೇ ಮುಂದಿನದು. 2 ಪಿಪಿಎಂ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರಬೇಕು. ಒಂದೆರಡು ಸಲ ಹಾಗೇ ಬಂದರೆ ಮಡಿ ತಯಾರಾಗಿದೆ.

ನಡುವೆ ಎಲ್ಲ ನಿಂತುಹೋದ ಹಾಗೆ ಅನ್ನಿಸಿದರೆ ಮೊದಲು ಪಿಎಚ್ ನೋಡಿ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ನೀರಿನ ಕ್ಷಾರದಲ್ಲಿ ಸುಮಾರು 7 ಗ್ರಾಂ ಸುಣ್ಣದ ಕಲ್ಲಿನಷ್ಟು ಖರ್ಚಾಗುತ್ತದೆ. ಗಡಸು ಬೋರ್‌ವೆಲ್ ನೀರಿಗೆ ಇದು ತಿಳಿಯುವುದೇ ಇಲ್ಲ. ಮಳೆ ನೀರು ತುಂಬಿದ ತೊಟ್ಟಿಯಲ್ಲಿ ಪಿಎಚ್ ಸರ್ರನೆ ಆರರ ಕಡೆ ಇಳಿದು ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ. ಕಪ್ಪೆಚಿಪ್ಪನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬೀಳುವ ಜಾಗದಲ್ಲಿ ಇಟ್ಟರೆ ನಿಧಾನಕ್ಕೆ ಸರಿಹೋಗುತ್ತದೆ. ಚಳಿಯೂ ಒಂದು ಕಾರಣ. ಡಿಸೆಂಬರ್, ಜನವರಿಯಲ್ಲಿ ತಾರಸಿಯ ನೀರು ರಾತ್ರಿ ತಣ್ಣಗಾಗುತ್ತದೆ, ಆಗ ಎಲ್ಲವೂ ನಿಧಾನ. ಫೆಬ್ರವರಿ ಕೊನೆಗೆ ಶುರು ಮಾಡಿದರೆ ಬೇಗ ಆಗುತ್ತದೆ.

ಮಡಿ ತಯಾರಾದ ಮೇಲೆ ಅಮೋನಿಯಾ ಹಾಕುವುದನ್ನು ನಿಲ್ಲಿಸಿ, ಕೊನೆಯದು ಪೂರ್ತಿ ಇಳಿದಿದೆಯಾ ಅಂತ ನೋಡಿ, ಅರ್ಧದಷ್ಟು ನೀರು ಬದಲಾಯಿಸಿ, ಒಂದೆರಡು ದಿನದೊಳಗೆ ಮರಿ ಬಿಡಿ. ಎಲ್ಲವನ್ನೂ ಒಂದೇ ದಿನ ಬಿಡಬೇಡಿ. ಮೊದಲ ವಾರ ಫೀಡು ಕಡಿಮೆ ಹಾಕಿ, ದಿನಾ ಟೆಸ್ಟ್ ಮಾಡಿ. ಉಳಿದ ದ್ರಾವಣವನ್ನು ಚೆಲ್ಲಬೇಡಿ. ಮುಂದೆ ಮೀನು ಹಿಡಿದು ತೊಟ್ಟಿ ಖಾಲಿಯಾದಾಗ, ಹೊಸ ಮರಿ ಬರುವ ತನಕ ಜಲ್ಲಿಯ ಬ್ಯಾಕ್ಟೀರಿಯಾಗಳಿಗೆ ಊಟ ಬೇಕಾಗುತ್ತದೆ. ಆಗ ದಿನ ಬಿಟ್ಟು ದಿನ 1 ಪಿಪಿಎಂ ಹಾಕಿದರೆ ಮಡಿ ಹಾಗೇ ಉಳಿದುಕೊಳ್ಳುತ್ತದೆ, ಮತ್ತೆ ಮೊದಲಿಂದ ಶುರು ಮಾಡಬೇಕಾಗಿಲ್ಲ. ಮರಿ ಬಿಡುವ ಹಿಂದಿನ ದಿನ ಮಾತ್ರ ಹಾಕಬೇಡಿ.